ರಾತ್ರಿ ಎಷ್ಟು ಗಂಟೆಗೆ ಮನೆಗೆ? ಹುಡುಗಿಯರ ರಾಕ್ ಬ್ಯಾಂಡ್ ಕಟ್ಟುವವರಿಗೆ, ಊರೂರು ಸುತ್ತುವವರಿಗೆ

ಹದಿನಾರರ ಹುಡುಗಿ ಮನೆಯಲ್ಲಿ "ಅಮ್ಮಾ, ನಾವು ನಾಲ್ಕು ಜನ ಸೇರಿ ಬ್ಯಾಂಡ್ ಮಾಡ್ತಿದ್ದೀವಿ" ಅಂದರೆ ಯಾವ ಹಾಡು, ಯಾವ ವಾದ್ಯ ಅಂತ ಯಾರೂ ಮೊದಲು ಕೇಳುವುದಿಲ್ಲ. "ರಾತ್ರಿ ಎಷ್ಟು ಗಂಟೆಗೆ ಮನೆಗೆ ಬರ್ತೀಯ?" ಅಂತ ಕೇಳುತ್ತಾರೆ. ಇದನ್ನು ಹಳೇ ಕಾಲದ ಹೆದರಿಕೆ ಅಂತ ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬ್ಯಾಂಡ್‌ನ ಇಡೀ ವ್ಯವಸ್ಥೆ ಈ ಪ್ರಶ್ನೆಯಿಂದಲೇ ಶುರುವಾಗಬೇಕು. ಇದಕ್ಕೆ ನಿಮಿಷದ ಲೆಕ್ಕದಲ್ಲಿ ಉತ್ತರ ಕೊಡಬಲ್ಲ ಹುಡುಗಿಯರ ಬ್ಯಾಂಡ್ ಎರಡನೇ ವರ್ಷವೂ ಉಳಿದಿರುತ್ತದೆ.

ಬೆಂಗಳೂರಿನ ಲೆಕ್ಕ ಹೀಗೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಕಾಲೇಜು ಮೈದಾನವಾಗಲಿ, ಅಪಾರ್ಟ್‌ಮೆಂಟ್ ಅಂಗಳವಾಗಲಿ, ಕೊನೆಯ ಬ್ಯಾಂಡ್ 9.45ಕ್ಕೆ ನಿಲ್ಲಿಸಬೇಕು. ಸಾಮಾನು ಬಿಚ್ಚಿ ಚೀಲಕ್ಕೆ ತುಂಬಲು 25 ನಿಮಿಷ, ಎಣಿಸಿ ಗಾಡಿಗೆ ಹಾಕಲು 15 ನಿಮಿಷ, ಅಲ್ಲಿಗೆ 10.25. ಒಬ್ಬಳ ಮನೆ ಜಯನಗರ, ಇನ್ನೊಬ್ಬಳದು ಮಲ್ಲೇಶ್ವರ, ಮೂರನೆಯವಳದು ಯಲಹಂಕ ಅಂದರೆ ಕೊನೆಯವಳು ಮನೆ ಸೇರುವಾಗ ಹನ್ನೆರಡಾಗುತ್ತದೆ. ಅದಕ್ಕೇ ಆಯೋಜಕರು "ಕೊನೇ ಸ್ಲಾಟ್ ನಿಮಗೇ ಇಟ್ಟಿದ್ದೀವಿ" ಅಂದಾಗ ಹಿಗ್ಗಬಾರದು. ಫೆಸ್ಟ್‌ಗಳು ಒಂದು ಗಂಟೆಯಾದರೂ ತಡವಾಗಿಯೇ ನಡೆಯುತ್ತವೆ. ಆರೂವರೆಯ ಸ್ಲಾಟ್ ಕೇಳಿ ಪಡೆದರೆ ನಿಜವಾಗಿ ವೇದಿಕೆ ಸಿಗುವುದು ಏಳೂಮುಕ್ಕಾಲಿಗೆ, ಮನೆ ಹತ್ತಕ್ಕೆ.

ಆ ಸ್ಲಾಟ್‌ನಲ್ಲಿ ಸೆಟಪ್‌ಗೆ ಸಿಗುವುದು ಐದು, ಹೆಚ್ಚೆಂದರೆ ಹತ್ತು ನಿಮಿಷ. ಅಷ್ಟರಲ್ಲಿ "ಈ ಕೇಬಲ್ ಎಲ್ಲಿಗೆ ಹಾಕಬೇಕು ಅಣ್ಣಾ" ಅಂತ ಕೇಳುತ್ತ ನಿಂತರೆ ಒಂದು ಹಾಡು ಹೋಯಿತು. ಅದಕ್ಕಿಂತ ದೊಡ್ಡ ನಷ್ಟವೂ ಇದೆ. ತಮ್ಮ ವಾದ್ಯದ ಹಿಂದಿನ ವೈರು ಗೊತ್ತಿಲ್ಲದ ಹುಡುಗಿಯರನ್ನು ವೇದಿಕೆ ಮೇಲಿರುವ ಪ್ರತಿಯೊಬ್ಬ ಗಂಡಸೂ ನಡೆಸಲು ಬರುತ್ತಾನೆ. ಗೊತ್ತಿರುವವರ ಹತ್ತಿರ ಯಾರೂ ಬರುವುದಿಲ್ಲ. ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಬಹುಪಾಲು ತಂತಿ, ಕರೆಂಟು, ಶ್ರುತಿಯ ವಿಷಯವೇ.

ಮೊದಲು ಶ್ರುತಿ. ನಮ್ಮಲ್ಲಿ ಸಂಗೀತ ಪಾಠಕ್ಕೆ ಹೋದ ಹುಡುಗಿಯರ ತಲೆಯಲ್ಲಿ ಒಂದು ಲೆಕ್ಕ ಕೂತಿರುತ್ತದೆ: ಗಂಡಸರದು ಒಂದರ ಶ್ರುತಿ, ಹೆಣ್ಣುಮಕ್ಕಳದು ಐದರ ಶ್ರುತಿ. ಅಂದರೆ ಸಿ ಇದ್ದದ್ದು ಜಿ. ಅದೇ ಲೆಕ್ಕದಲ್ಲಿ ಗಂಡಸು ಹಾಡಿದ ರಾಕ್ ಹಾಡನ್ನೂ ಏಳು ಸೆಮಿಟೋನ್ (ಅರ್ಧ ಸ್ವರ) ಮೇಲಕ್ಕೆ ಎತ್ತುತ್ತಾರೆ. ಅಲ್ಲೇ ಎಡವಟ್ಟು. ರಾಕ್ ಗಾಯಕರು ಮೊದಲೇ ತಾರದಲ್ಲಿ ಕಿರುಚುವವರು. ಅವರ ಪಲ್ಲವಿ ಎ4ವರೆಗೆ (ಅಕ್ಷರ ಸ್ವರದ ಹೆಸರು, ಅಂಕಿ ಸ್ಥಾಯಿ) ಹೋಗುತ್ತದೆ, ಅದು ಹುಡುಗಿಯ ಎದೆದನಿಗೆ ಸರಿಯಾಗಿ ಒಗ್ಗುವ ಜಾಗ. ಕಷ್ಟವಾಗುವುದು ಚರಣದಲ್ಲಿ. ಅದು ಇ3, ಎಫ್3 ಹತ್ತಿರ ಮಂದ್ರಕ್ಕೆ ಇಳಿದಾಗ ಅವಳ ದನಿ ಬರೀ ಗಾಳಿಯಾಗುತ್ತದೆ. ಇಡೀ ಹಾಡನ್ನು ಏಳು ಸೆಮಿಟೋನ್ ಎತ್ತಿದರೆ ಚರಣ ಸರಿಹೋಗುತ್ತದೆ, ಆದರೆ ಪಲ್ಲವಿ ಇ5ಗೆ ಹೋಗಿ ಗಂಟಲು ಹರಿಯುತ್ತದೆ. ಚರಣವನ್ನಷ್ಟೇ ಒಂದು ಸ್ಥಾಯಿ ಮೇಲೆ ಹಾಡಿದರೆ ಚರಣ, ಪಲ್ಲವಿ ಎರಡೂ ಒಂದೇ ಎತ್ತರದಲ್ಲಿ ನಿಂತು ಹಾಡು ಏರುವುದೇ ಇಲ್ಲ. ಬಹಳಷ್ಟು ಹಾಡುಗಳಿಗೆ ಎರಡು ಅಥವಾ ಮೂರು ಸೆಮಿಟೋನ್ ಎತ್ತಿದರೆ ಸಾಕು: ಚರಣ ಜಿ3 ಹತ್ತಿರ ಕೂರುತ್ತದೆ, ಪಲ್ಲವಿ ಸಿ5ಕ್ಕೆ ಮುಗಿಯುತ್ತದೆ. ಎಷ್ಟೋ ರಾಕ್ ಬ್ಯಾಂಡ್‌ಗಳು ಗಿಟಾರ್ ತಂತಿಯನ್ನು ಅರ್ಧ ಸ್ವರ ಇಳಿಸಿ ನುಡಿಸಿರುತ್ತವೆ. ಅಂಥ ಹಾಡನ್ನು ನೀವು ಮಾಮೂಲಿ ಶ್ರುತಿಯಲ್ಲಿ ನುಡಿಸಿದರೆ ಒಂದು ಸೆಮಿಟೋನ್ ತಾನಾಗಿಯೇ ಏರಿತು. ಉಳಿದದ್ದಕ್ಕೆ ಒಂದನೇ ಅಥವಾ ಎರಡನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್) ಹಾಕಿದರೆ ತೆರೆದ ತಂತಿಯ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಕೂಡ ಹಾಗೇ ಉಳಿಯುತ್ತದೆ.

ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನಲ್ಲಿ ಹುಡುಗಿಯರ ದನಿಯೂ ಒಡೆಯುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಹುಡುಗರಷ್ಟು ಢಾಳಾಗಿ ಕಾಣುವುದಿಲ್ಲ ಅಷ್ಟೇ. ಧ್ವನಿಪೆಟ್ಟಿಗೆ ಬೆಳೆಯುವಾಗ ಧ್ವನಿತಂತುಗಳ ಹಿಂಭಾಗ ಪೂರ್ತಿ ಮುಚ್ಚದೆ ಗಾಳಿ ಸೋರುತ್ತದೆ, ದನಿ ಉಸಿರುಸಿರಾಗಿ ಬರುತ್ತದೆ, ನಡುವಿನ ಸ್ವರಗಳಲ್ಲಿ ಬಿರುಕು ಕಾಣಿಸುತ್ತದೆ. ಇದನ್ನು "ಪ್ರಾಕ್ಟೀಸ್ ಸಾಲದು" ಅಂದುಕೊಂಡು ಒತ್ತಿ ಹಾಡಿಸಿದರೆ ಗಂಟುಗಳಾಗುತ್ತವೆ. ಆ ವರ್ಷ ಮುಖ್ಯ ಗಾಯಕಿಗೆ 40 ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಹಾಡಿಸಬೇಡಿ. ನಾಲ್ವರೂ ಒಂದೊಂದು ಹಾಡು ಹಂಚಿಕೊಳ್ಳಲಿ. ಕಾರ್ಯಕ್ರಮದ ಮುಂಚೆ ಹದಿನೈದು ನಿಮಿಷ ತುಟಿ ಬುರ್ರೆನಿಸುತ್ತ ಸ್ವರ ಏರಿಳಿಸುವುದು, ಸ್ಟ್ರಾ ಬಾಯಲ್ಲಿಟ್ಟು ಗುನುಗುವುದು, ಇಷ್ಟು ಸಾಕು. ಊಟ ಎರಡು ಗಂಟೆ ಮುಂಚೆ ಮುಗಿದಿರಲಿ. ವೇದಿಕೆಯ ಹಿಂದಿನ ಗ್ರೀನ್ ರೂಮಿನಲ್ಲಿ ಇಟ್ಟಿರುವ ಮೆಣಸಿನಕಾಯಿ ಬಜ್ಜಿ ಹಾಡು ಮುಗಿದ ಮೇಲೆ.

ವಾದ್ಯ ಕೊಳ್ಳುವಾಗ ಬ್ರ್ಯಾಂಡ್‌ಗಿಂತ ಅಳತೆ ನೋಡಿ. ಮಾಮೂಲಿ ಬೇಸ್ ಗಿಟಾರ್‌ನ ತಂತಿಯುದ್ದ 34 ಇಂಚು. ಚಿಕ್ಕ ಕೈಯವಳು ಮೊದಲ ನಾಲ್ಕು ಫ್ರೆಟ್‌ಗೆ ನಾಲ್ಕು ಬೆರಳು ಚಾಚಿದರೆ ಆರು ತಿಂಗಳಲ್ಲಿ ಮಣಿಕಟ್ಟು ನೋಯಲು ಶುರು. 30 ಇಂಚಿನ ಶಾರ್ಟ್ ಸ್ಕೇಲ್ ಬೇಸ್ ಸಿಗುತ್ತದೆ, ದನಿ ಸ್ವಲ್ಪ ದುಂಡಗೆ ಬರುತ್ತದೆ, ರಾಕ್‌ಗೆ ಅದೇನೂ ಕೊರತೆಯಲ್ಲ. 34 ಇಂಚಿನದೇ ಮನೆಯಲ್ಲಿದ್ದರೆ ಐದನೇ ಫ್ರೆಟ್‌ವರೆಗೆ ತೋರು, ನಡು, ಕಿರುಬೆರಳು ಮಾತ್ರ ಬಳಸಿ, ಉಂಗುರಬೆರಳು ಕಿರುಬೆರಳಿಗೆ ಆಸರೆಯಾಗಿ ಒತ್ತಲಿ. ದೊಡ್ಡ ಡಬಲ್ ಬೇಸ್ ನುಡಿಸುವವರ ಪದ್ಧತಿ ಅದು. ಗಿಟಾರ್‌ಗೆ 9ರಿಂದ 42ರ ತಂತಿ (ಇಂಚಿನ ಸಾವಿರದ ಲೆಕ್ಕದ ದಪ್ಪ) ಸಾಕು, 10ರಿಂದ 46ರದ್ದು ಹಾಕಿಕೊಂಡರೇನೇ ರಾಕ್ ಅನ್ನುವುದು ಬರೀ ಮಾತು. ಇನ್ನೊಂದು: ತಲೆ ಹಿಂದಕ್ಕೆ ಬಾಗಿರುವ ಮಹಾಗನಿ ಗಿಟಾರ್‌ಗಳು ಸ್ಟ್ಯಾಂಡ್‌ನಿಂದ ಬಿದ್ದರೆ ಕುತ್ತಿಗೆಯಲ್ಲೇ ಮುರಿಯುತ್ತವೆ. ನೇರ ತಲೆಯ ಗಿಟಾರ್ ಬಿದ್ದರೂ ಬಹುಮಟ್ಟಿಗೆ ಉಳಿಯುತ್ತದೆ. ಊರೂರು ಸುತ್ತುವವರಿಗೆ ಇದು ದೊಡ್ಡ ವಿಷಯ.

ಡ್ರಮ್ಸ್ ಬಾಡಿಗೆಯದ್ದಿರಲಿ, ಆಯೋಜಕರೇ ಕೊಡಲಿ, ಡ್ರಮ್ಮರ್ ತನ್ನ ಸ್ನೇರ್, ಸಿಂಬಲ್, ಕಿಕ್ ಪೆಡಲ್ ತಾನೇ ಒಯ್ಯುತ್ತಾಳೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುವುದು ಹೈ-ಹ್ಯಾಟ್ ಕ್ಲಚ್, ಅಂದರೆ ಜೋಡಿ ಸಿಂಬಲ್‌ನಲ್ಲಿ ಮೇಲಿನದನ್ನು ಕಡ್ಡಿಗೆ ಬಿಗಿಯುವ ಚಿಕ್ಕ ಹಿಡಿ. ಬಾಡಿಗೆ ಸ್ಟ್ಯಾಂಡ್‌ನಲ್ಲಿ ಅದು ಇರುವುದೇ ಅಪರೂಪ, ಇದ್ದರೆ ತಿರುಪು ಸವೆದಿರುತ್ತದೆ, ಮೇಲಿನ ಸಿಂಬಲ್ ಎರಡನೇ ಹಾಡಿಗೆ ಜಾರಿ ಕೂರುತ್ತದೆ. ಒಂದು ಚಿಕ್ಕ ಜಿಪ್ ಚೀಲದಲ್ಲಿ ಕ್ಲಚ್, ಡ್ರಮ್ ಕೀ ಎರಡು, ಸಿಂಬಲ್ ಸ್ಟ್ಯಾಂಡ್‌ನ ಫೆಲ್ಟ್ ಆರು, ಪ್ಲಾಸ್ಟಿಕ್ ಸ್ಲೀವ್ ನಾಲ್ಕು, ರೆಕ್ಕೆ ನಟ್ಟು ನಾಲ್ಕು, ಸ್ನೇರ್ ತಂತಿಗೆ ಕಟ್ಟುವ ದಾರ. ಸ್ಲೀವ್ ಇಲ್ಲದ ಸ್ಟ್ಯಾಂಡ್‌ಗೆ ಸಿಂಬಲ್ ಹಾಕಿದರೆ ನಡುವಿನ ತೂತು ಕಬ್ಬಿಣಕ್ಕೆ ಉಜ್ಜಿ ಬೀಗದ ತೂತಿನ ಹಾಗೆ ಸವೆದು ಅಲ್ಲಿಂದಲೇ ಬಿರುಕು ಬಿಡುತ್ತದೆ. ಕಾಲೇಜು ವೇದಿಕೆಯ ಗ್ರಾನೈಟ್ ಮೇಲೆ ಕಿಕ್ ಡ್ರಮ್ ಮುಂದಕ್ಕೆ ಓಡುತ್ತದೆ. ಆಯೋಜಕರು ಜಮಖಾನ ಹಾಸುತ್ತಾರೆ, ಜಮಖಾನವೂ ಜೊತೆಗೆ ಓಡುತ್ತದೆ. ತಳಕ್ಕೆ ರಬ್ಬರ್ ಇರುವ ಆರಡಿ-ಐದಡಿಯ ಕಾರ್ಪೆಟ್ ನಿಮ್ಮದೇ ಇರಲಿ. ಅದರ ಮೇಲೆ ಪ್ರತಿ ಸ್ಟ್ಯಾಂಡ್‌ನ ಕಾಲು ಬರುವ ಜಾಗಕ್ಕೆ ಬಣ್ಣದ ಟೇಪ್ ಅಂಟಿಸಿಟ್ಟರೆ ಡ್ರಮ್ಸ್ ನಾಲ್ಕು ನಿಮಿಷದಲ್ಲಿ ನಿಲ್ಲುತ್ತದೆ. ಕೂರುವ ಸ್ಟೂಲ್‌ನ ಎತ್ತರ ಬೇರೆಯವರಿಗೆ ಹೊಂದಿಸಿದ್ದಾಗಿರುತ್ತದೆ. ತೊಡೆ ಮಂಡಿಯ ಕಡೆಗೆ ಸ್ವಲ್ಪ ಇಳಿಜಾರಾಗಿ ಇರುವಷ್ಟು ಏರಿಸಿಕೊಂಡರೆ ಕಿಕ್‌ಗೆ ಬಲ ಬರುತ್ತದೆ. 5ಎ ಅಳತೆಯ ಕೋಲು ಭಾರ ಅನ್ನಿಸಿದರೆ ಹಗುರವಾದ 7ಎ ತೆಗೆದುಕೊಳ್ಳಿ.

ಈಗ ಕರೆಂಟು. ಇದನ್ನು ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ತಪ್ಪಾದರೆ ಜೀವಕ್ಕೇ ಅಪಾಯ.

ಗಿಟಾರ್ ನುಡಿಸುತ್ತಲೇ ಹಾಡುವವಳ ಕೈ ತಂತಿಯ ಮೇಲಿರುತ್ತದೆ, ತುಟಿ ಮೈಕ್‌ನ ಜಾಲರಿಗೆ ತಾಗುತ್ತದೆ. ತಂತಿ ಗಿಟಾರ್ ಆಂಪ್‌ನ ಅರ್ಥಿಂಗ್‌ಗೆ ಸೇರಿದೆ, ಮೈಕ್ ಸೌಂಡ್‌ನವರ ಮಿಕ್ಸರ್‌ನ ಅರ್ಥಿಂಗ್‌ಗೆ ಸೇರಿದೆ. ಆಂಪ್‌ಗೆ ಸಭಾಂಗಣದ ಗೋಡೆಯ ಸಾಕೆಟ್‌ನಿಂದ, ಮಿಕ್ಸರ್‌ಗೆ ಹೊರಗಿನ ಜನರೇಟರ್‌ನಿಂದ ಕರೆಂಟ್ ಬಂದಿದ್ದರೆ ಈ ಎರಡು ಅರ್ಥಿಂಗ್‌ಗಳ ನಡುವೆ ವೋಲ್ಟೇಜ್ ನಿಲ್ಲಬಹುದು. ಅದು ಹರಿಯುವ ದಾರಿ ಅವಳ ಕೈಯಿಂದ ಎದೆ ದಾಟಿ ತುಟಿಗೆ. "ಮೈಕ್ ಸ್ವಲ್ಪ ಜುಮ್ ಅನ್ನುತ್ತೆ" ಅಂತ ನಕ್ಕು ಸುಮ್ಮನಾಗುವ ವಿಷಯ ಇದಲ್ಲ.

ಪರೀಕ್ಷೆ ಅರ್ಧ ನಿಮಿಷದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಳ್ಳಿ. ಗಿಟಾರ್ ಆಂಪ್‌ಗೆ ಹಾಕಿ ಆಂಪ್ ಆನ್, ಮಿಕ್ಸರ್ ಆನ್. ಗಿಟಾರ್ ಸ್ಟ್ಯಾಂಡ್ ಮೇಲೇ ಇರಲಿ. ಮೀಟರ್ ಅನ್ನು ಎಸಿ ವೋಲ್ಟ್‌ನ ದೊಡ್ಡ ರೇಂಜ್‌ಗೆ ತಿರುಗಿಸಿ, ಒಂದು ಕಡ್ಡಿ ಮೈಕ್ ಜಾಲರಿಗೆ, ಇನ್ನೊಂದು ಗಿಟಾರ್ ತಂತಿಗೆ. ಕಡ್ಡಿಯ ಪ್ಲಾಸ್ಟಿಕ್ ಹಿಡಿಯನ್ನಷ್ಟೇ ಹಿಡಿಯಬೇಕು. ಸೊನ್ನೆಯಿಂದ ಎರಡು ವೋಲ್ಟ್ ತೋರಿಸಿದರೆ ಸರಿ. ನೂರರ ಆಸುಪಾಸು ತೋರಿಸಿದರೆ ಎರಡರಲ್ಲಿ ಒಂದಕ್ಕೆ ಅರ್ಥಿಂಗ್ ಇಲ್ಲ, ಆಂಪ್‌ನೊಳಗಿನ ಫಿಲ್ಟರ್‌ನಿಂದ ಸೋರುತ್ತಿದೆ. 230ರ ಹತ್ತಿರ ಬಂದರೆ ಫೇಸ್ ನೇರವಾಗಿ ಕವಚಕ್ಕೆ ತಾಗಿರಬಹುದು. ಎರಡೂ ಸಂದರ್ಭದಲ್ಲಿ ಯಾರೂ ಏನನ್ನೂ ಮುಟ್ಟದೆ ಎಲೆಕ್ಟ್ರಿಷಿಯನ್ ಕರೆಸಿ. ಪರಿಹಾರ ಸಾಮಾನ್ಯವಾಗಿ ಸರಳ: ವೇದಿಕೆಯ ಎಲ್ಲ ಆಂಪ್‌ಗಳಿಗೂ ಮಿಕ್ಸರ್‌ಗೂ ಒಂದೇ ಬೋರ್ಡಿನಿಂದ, ಮೂರು ಪಿನ್ನಿನ ಪ್ಲಗ್‌ನಲ್ಲಿ ಕರೆಂಟ್. ಆ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು. ಮೈಕ್‌ಗೆ ಸ್ಪಂಜಿನ ಟೋಪಿ ಹಾಕುವುದು ಹೆಚ್ಚುವರಿ ಎಚ್ಚರಿಕೆ, ಅದೊಂದನ್ನೇ ನಂಬಬೇಡಿ.

ಗುಂಯ್ ಅನ್ನುವ ಹಮ್ ನಿಲ್ಲಿಸಲು ಆಂಪ್‌ನ ಅರ್ಥ್ ಪಿನ್ ಮುರಿಯುವುದು, ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸುವುದು ನಮ್ಮಲ್ಲಿ ಮಾಮೂಲು. ಇದನ್ನು ಯಾರೇ ಹೇಳಲಿ, ಎಷ್ಟೇ ಅನುಭವದವರು ಹೇಳಲಿ, ಒಪ್ಪಬೇಡಿ. ಹಮ್ ತೆಗೆಯಲು ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರ್‌ಗೆ ಒಪ್ಪಿಸುವ ಚಿಕ್ಕ ಪೆಟ್ಟಿಗೆ) ಮೇಲೆ ಗ್ರೌಂಡ್ ಲಿಫ್ಟ್ ಅನ್ನುವ ಚಿಕ್ಕ ಸ್ವಿಚ್ ಇದೆ. ಅದು ಸಿಗ್ನಲ್ ವೈರಿನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥಿಂಗ್ ಹಾಗೇ ಇರುತ್ತದೆ.

ಅದೇ ಎಸ್.ಪಿ. ರೋಡಿನಿಂದ ಕಾಲಿಂಚಿನ ಒಳ್ಳೆ ಜ್ಯಾಕ್ ಹನ್ನೆರಡು, ಗಿಟಾರ್ ಕೇಬಲ್ 30 ಮೀಟರ್, ಬೆಸುಗೆಯ 60/40 ಸೀಸ ತಂದು ಒಂದು ಭಾನುವಾರ ಮಧ್ಯಾಹ್ನ ನಾಲ್ವರೂ ಕೂತು ಐದೈದು ಮೀಟರ್‌ನ ಆರು ಕೇಬಲ್ ಬೆಸುಗೆ ಹಾಕಿಕೊಳ್ಳಿ. ಸೀಸವನ್ನು ಸೋಲ್ಡರಿಂಗ್ ಐರನ್‌ನ ತುದಿಗೆ ಇಡದೆ ಕಾದ ಟರ್ಮಿನಲ್‌ಗೆ ಮುಟ್ಟಿಸಿ ಕರಗಿಸಬೇಕು. ಮಂಕಾಗಿ ಹರಳುಹರಳಾಗಿ ಕಂಡರೆ ಅದು ಹಸಿ ಬೆಸುಗೆ, ಮೂರನೇ ಕಾರ್ಯಕ್ರಮದಲ್ಲಿ ಕೈಕೊಡುತ್ತದೆ. ಜ್ಯಾಕ್‌ನ ಹಿಂಬದಿಯ ಹಿಡಿತ ಕೇಬಲ್‌ನ ಮೇಲ್ಪದರವನ್ನೇ ಕಚ್ಚಿರಬೇಕು, ಎಳೆತವೆಲ್ಲ ಅದು ತಡೆಯಬೇಕು. ಕಾರ್ಯಕ್ರಮದ ನಡುವೆ ಗಿಟಾರ್ ಸತ್ತರೆ ಹತ್ತರಲ್ಲಿ ಎಂಟು ಸಲ ಕಾರಣ ಕೇಬಲ್, ಉಳಿದದ್ದು ಪೆಡಲ್‌ನ 9 ವೋಲ್ಟ್ ಅಡಾಪ್ಟರ್. ತಾನೇ ಬೆಸುಗೆ ಹಾಕಿದವಳಿಗೆ ಎಲ್ಲಿ ನೋಡಬೇಕು ಅಂತ ಕೈಗೇ ಗೊತ್ತಿರುತ್ತದೆ.

ಸೌಂಡ್ ಚೆಕ್‌ಗೆ ಹೋಗುವ ಮುಂಚೆ ಚಾನೆಲ್ ಪಟ್ಟಿ ಸೌಂಡ್ ಎಂಜಿನಿಯರ್ ಮೊಬೈಲ್‌ಗೆ ಹೋಗಿರಬೇಕು. ನಾಲ್ವರೂ ಹಾಡುವ ನಾಲ್ಕು ಜನರ ಬ್ಯಾಂಡ್‌ಗೆ ಹದಿನಾಲ್ಕು ಚಾನೆಲ್: ಕಿಕ್, ಸ್ನೇರ್, ಹ್ಯಾಟ್, ಮೇಲಿನ ಟಾಮ್, ಫ್ಲೋರ್ ಟಾಮ್, ಓವರ್‌ಹೆಡ್ ಎರಡು, ಬೇಸ್ ಡಿಐ, ಗಿಟಾರ್ ಎರಡು, ದನಿ ನಾಲ್ಕು. ಸಮಯವಿದ್ದರೆ ಇದೇ ಕ್ರಮದಲ್ಲಿ ಒಂದೊಂದಾಗಿ ಕೇಳಿಸಿ, ಕೊನೆಗೆ ನಿಮ್ಮ ಅತ್ಯಂತ ಜೋರಾದ ಹಾಡಿನ ಒಂದು ಚರಣ, ಒಂದು ಪಲ್ಲವಿ. ಐದೇ ನಿಮಿಷ ಇದ್ದರೆ ಕ್ರಮ ತಿರುಗಿಸಿ: ದನಿ ಮೊದಲು, ಆಮೇಲೆ ಕಿಕ್ ಮತ್ತು ಬೇಸ್, ಗಿಟಾರ್‌ಗಳು ಹೇಗೂ ಕೇಳಿಸುತ್ತವೆ. ಕೇಳುವಾಗ ಬರೀ "ಅಣ್ಣಾ, ಸೌಂಡ್ ಸರಿಯಿಲ್ಲ" ಅಂದರೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಅಣ್ಣಾ, ನನ್ನ ಮಾನಿಟರ್‌ನಲ್ಲಿ ನನ್ನ ವಾಯ್ಸ್ ಜಾಸ್ತಿ ಮಾಡಿ, ಗಿಟಾರ್ ಪೂರ್ತಿ ತೆಗೀರಿ" ಅನ್ನಿ (ಮಾನಿಟರ್ ಅಂದರೆ ಹಾಡುವವರ ಕಡೆ ತಿರುಗಿಸಿಟ್ಟ ಸ್ಪೀಕರ್), ತಕ್ಷಣ ಆಗುತ್ತದೆ. ಒಳ್ಳೆಯ ಎಂಜಿನಿಯರ್‌ಗಳು ಇಂಥ ಮಾತಿಗೆ ಖುಷಿಪಡುತ್ತಾರೆ.

ಮೈಕ್ ಕಿರುಚುವುದಕ್ಕೆ ಹುಡುಗಿಯರ ದನಿ ತೆಳು ಅನ್ನುವ ಕಾರಣ ಕೊಡುವುದನ್ನು ಕೇಳಿದ್ದೇನೆ. ತಪ್ಪು. ಗಿಟಾರ್ ಆಂಪ್ ಜೋರಾಗಿಟ್ಟಿರುವುದರಿಂದ ದನಿಯ ಚಾನೆಲ್ ಮಿತಿಮೀರಿ ಏರಿಸಬೇಕಾಗುತ್ತದೆ, ಅದರಿಂದ ಕಿರುಚುತ್ತದೆ. ಗಾಯಕಿಯ ದನಿಯ ಹೊಳಪು ಮತ್ತು ಡಿಸ್ಟಾರ್ಷನ್ ಗಿಟಾರ್‌ನ ಹೊಳಪು ಎರಡೂ 2ರಿಂದ 4 ಕಿಲೋಹರ್ಟ್ಜ್ ನಡುವೆ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಆಂಪ್ ಇಳಿಸಿ, ಗಿಟಾರ್‌ನಿಂದ ಆ ಭಾಗ ಸ್ವಲ್ಪ ಕಡಿಯಿರಿ, ದನಿಯ ಚಾನೆಲ್‌ಗೆ 120 ಹರ್ಟ್ಜ್ ಕೆಳಗಿನದೆಲ್ಲ ತೆಗೆಯಿರಿ. ಎಸ್‌ಎಂ58 ಥರದ ಮೈಕ್ ಹಿಂದಿನಿಂದ ಬರುವ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ, ಆದ್ದರಿಂದ ಮಾನಿಟರ್ ಅದರ ನೇರ ಹಿಂದೆ ಇರಲಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ ಹಿಂದಿನ ಕಿಂಡಿಗಳು ಮುಚ್ಚಿ ಮೈಕ್ ಎಲ್ಲ ಕಡೆಯ ಸದ್ದನ್ನೂ ಹಿಡಿಯಲು ಶುರುಮಾಡುತ್ತದೆ. ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಹಾಗೆ ಹಿಡಿಯಬೇಡಿ.

ಕಿವಿಯ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. 85 ಡೆಸಿಬೆಲ್ ಎಂಟು ಗಂಟೆ ತಡೆಯಬಹುದು, ಪ್ರತಿ 3 ಡೆಸಿಬೆಲ್‌ಗೆ ಆ ಸಮಯ ಅರ್ಧ. 94ಕ್ಕೆ ಒಂದು ಗಂಟೆ, 100ಕ್ಕೆ ಹದಿನೈದು ನಿಮಿಷ. ಚಿಕ್ಕ ಜ್ಯಾಮ್ ಪ್ಯಾಡ್‌ನಲ್ಲಿ (ಅಭ್ಯಾಸದ ಕೋಣೆ) ಡ್ರಮ್ಸ್ ಜೊತೆ ಎರಡು ಗಂಟೆ ಅಂದರೆ ನೀವೇ ಗುಣಿಸಿ ನೋಡಿ. ಸಂಗೀತಗಾರರ ಫಿಲ್ಟರ್ ಇಯರ್‌ಪ್ಲಗ್ ಮೊದಲ ಪೆಡಲ್‌ಗಿಂತ ಮೊದಲು ಕೊಳ್ಳಬೇಕಾದದ್ದು.

ಬ್ಯಾಂಡ್ ಬೆಳೆಯುವ ದಾರಿ ಬೆಂಗಳೂರಿನಲ್ಲಿ ಹುಡುಗರಿಗೊಂದು, ಹದಿನೆಂಟರೊಳಗಿನ ಹುಡುಗಿಯರಿಗೊಂದು. ಪಬ್‌ಗಳಲ್ಲಿ ಎಳೆಯರಿಗೆ ಸಂಜೆಯ ಮೇಲೆ ಪ್ರವೇಶವೇ ಕಷ್ಟ, ಆ ದಾರಿ ಬಿಡಿ. ನ್ಯಾಷನಲ್ ಲಾ ಸ್ಕೂಲ್‌ನ ಸ್ಟ್ರಾಬೆರಿ ಫೀಲ್ಡ್ಸ್ ಥರದ ಕಾಲೇಜು ಸ್ಪರ್ಧೆಗಳು ಈ ಊರಿನ ಎಷ್ಟೋ ಬ್ಯಾಂಡ್‌ಗಳಿಗೆ ಮೆಟ್ಟಿಲಾಗಿವೆ. ಆದರೆ ಬೆಂಗಳೂರಿನಲ್ಲಿ ಹೊಸ ಬ್ಯಾಂಡ್‌ಗೆ ನಿಜವಾಗಿ ಕೆಲಸ ಸಿಗುವ ತಿಂಗಳು ನವೆಂಬರ್. ರಾಜ್ಯೋತ್ಸವ ಒಂದನೇ ತಾರೀಕಿಗೆ ಮುಗಿಯುವುದಿಲ್ಲ, ಅಪಾರ್ಟ್‌ಮೆಂಟ್, ಕಂಪನಿ, ಬಡಾವಣೆಯ ಸಂಘ ಅಂತ ತಿಂಗಳುಪೂರ್ತಿ ನಡೆಯುತ್ತದೆ. ಸಂಜೆ ಆರಕ್ಕೆ ಶುರು, ಕುಟುಂಬದ ಜನ, ಒಳ್ಳೆಯ ಬೆಳಕು, ಬೇಗ ಮನೆ. ಕನ್ನಡದಲ್ಲಿ 45 ನಿಮಿಷದ ಸೆಟ್ ಇದ್ದವರಿಗೆ ವಾರಾಂತ್ಯಗಳೆಲ್ಲ ತುಂಬಬಹುದು.

ಸ್ವಂತ ಕನ್ನಡ ಹಾಡು ಬರೆಯುವವರಿಗೆ ಒಂದು ಮಾತು. ಇಂಗ್ಲಿಷ್ ಹಾಡಿನ ಸಾಲು ಸಾಮಾನ್ಯವಾಗಿ ತಾಳದ ಮೊದಲ ಪೆಟ್ಟಿಗಿಂತ ಸ್ವಲ್ಪ ಮುಂಚೆ ಒಂದು ಹಗುರ ಪದದಿಂದ ಎದ್ದು ಬರುತ್ತದೆ. ಕನ್ನಡದ ಪದದ ಭಾರ ಮೊದಲ ಅಕ್ಷರದಲ್ಲೇ ಇದೆ, ಸಾಲು ನೇರ ಪೆಟ್ಟಿನ ಮೇಲೆ ಇಳಿಯಬೇಕು. ಇಂಗ್ಲಿಷ್ ಧಾಟಿಗೆ ಕನ್ನಡ ತುರುಕಿದಾಗ ಕೇಳುವವರಿಗೆ ಮಾತು ಒಡೆದಂತೆ ಅನ್ನಿಸುವುದು ಇದರಿಂದ. ನಮ್ಮ ಛಂದಸ್ಸಿನಲ್ಲೇ ರಾಕ್‌ಗೆ ಬೇಕಾದದ್ದಿದೆ: ಮಂದಾನಿಲ ರಗಳೆಯ ನಾಲ್ಕು ಮಾತ್ರೆ ಮಾಮೂಲಿ ನಾಲ್ಕರ ಬೀಟ್‌ಗೆ ಹಾಗೇ ಕೂರುತ್ತದೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯ ನಡಿಗೆ ಏಳರ ತಾಳದ ರಿಫ್‌ಗೆ ಎಂಥ ಚೆನ್ನ! ಒತ್ತಕ್ಷರಗಳನ್ನು ಸ್ನೇರ್ ಪೆಟ್ಟಿಗೆ ಹೊಂದಿಸಿ ನೋಡಿ.

ಹದಿಹರೆಯದ ಹುಡುಗಿಯರ ಬ್ಯಾಂಡ್‌ಗೆ ಸಮಯ ಯಾವತ್ತೂ ಕಡಿಮೆಯೇ. ಲಾಸ್ ಏಂಜಲೀಸ್‌ನ ದಿ ರನ್‌ಅವೇಸ್ ಶುರುವಾದದ್ದು 1975ರಲ್ಲಿ, ಹದಿನೈದು-ಹದಿನೇಳರ ಹುಡುಗಿಯರು. 1976ಕ್ಕೆ ಮೊದಲ ಆಲ್ಬಂ, 1977ಕ್ಕೆ ಜಪಾನ್ ಪ್ರವಾಸದಲ್ಲಿ ಕಿಕ್ಕಿರಿದ ಸಭಾಂಗಣಗಳು. ಅದೇ ಪ್ರವಾಸದಲ್ಲಿ ಬೇಸ್ ನುಡಿಸುತ್ತಿದ್ದ ಜಾಕಿ ಫಾಕ್ಸ್ ಬಿಟ್ಟುಹೋದರು, ಅದೇ ವರ್ಷ ಗಾಯಕಿ ಶೆರಿ ಕರಿ ಕೂಡ. 1979ಕ್ಕೆ ಬ್ಯಾಂಡ್ ಮುಗಿಯಿತು. ಶ್ರೀನಗರದ ಪ್ರಗಾಶ್ ಹತ್ತನೇ ತರಗತಿಯ ಮೂವರು ಹುಡುಗಿಯರದು. 2012ರ ಡಿಸೆಂಬರ್‌ನಲ್ಲಿ ಸ್ಪರ್ಧೆಯ ವೇದಿಕೆ ಹತ್ತಿ, ಆನ್‌ಲೈನ್ ಬೆದರಿಕೆ ಮತ್ತು ಧರ್ಮಗುರುವಿನ ಫತ್ವಾ ಬಂದ ಮೇಲೆ 2013ರ ಫೆಬ್ರುವರಿಯಲ್ಲಿ ನಿಲ್ಲಿಸಿದರು. ಇಂಡೋನೇಷ್ಯಾದ ಗಾರುಟ್‌ನ ಶಾಲೆಯಲ್ಲಿ 2014ರಲ್ಲಿ ಶುರುವಾದ ವಾಯ್ಸ್ ಆಫ್ ಬಾಚೆಪ್ರೋಟ್‌ನ ಮೂವರು ಹತ್ತು ವರ್ಷ ಒಟ್ಟಿಗೇ ಉಳಿದು 2024ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದರು. ನಮ್ಮಲ್ಲಿ ಬ್ಯಾಂಡ್ ಒಡೆಯುವ ತಿಂಗಳು ಯಾವುದು ಅಂದರೆ ಜೂನ್. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಕೂಡುತ್ತಾರೆ, ಸೆಕೆಂಡ್ ಪಿಯು ಆದ ಕೂಡಲೇ ಒಬ್ಬಳು ಮಣಿಪಾಲ, ಇನ್ನೊಬ್ಬಳು ವೆಲ್ಲೂರು. ಇದು ತಪ್ಪುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಪ್ರತಿ ಹಾಡಿನ ಶ್ರುತಿ, ಬಿಪಿಎಂ (ನಿಮಿಷಕ್ಕೆ ಎಷ್ಟು ಪೆಟ್ಟು), ಕಾರ್ಡ್‌ಗಳು, ಯಾರ ಸುಳಿವಿಗೆ ಯಾರು ಶುರುಮಾಡಬೇಕು ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಹೊಸಬಳು ಎರಡು ವಾರದಲ್ಲಿ ಸೇರಿಕೊಳ್ಳುವಂತಿರಲಿ. ಯಾವ ಹಾಡಿನಲ್ಲಿ ಯಾರ ಪಾಲು ಎಷ್ಟು, ಬಿಟ್ಟುಹೋದವರಿಗೆ ಏನು, ಹೆಸರು ಯಾರ ಬಳಿ ಉಳಿಯುತ್ತದೆ ಅನ್ನುವುದನ್ನು ಸ್ನೇಹ ಗಟ್ಟಿಯಾಗಿರುವಾಗಲೇ ಬರೆದು ಸಹಿ ಮಾಡಿಸಿ.

ಊರು ಬಿಟ್ಟು ಹೋಗುವ ಪ್ರವಾಸಕ್ಕೆ ಸಿಗುವುದು ವಾರಾಂತ್ಯ, ದಸರಾ ರಜೆ, ಏಪ್ರಿಲ್-ಮೇ. ಪಿಯುಗೆ 75 ಶೇಕಡಾ ಹಾಜರಾತಿ ಬೇಕೇ ಬೇಕು. ಮೈಸೂರು ಸುಮಾರು 145 ಕಿಲೋಮೀಟರ್, ಮಂಗಳೂರು 350, ಹುಬ್ಬಳ್ಳಿ 410, ಚೆನ್ನೈ 350. ಮೈಸೂರು ಬಿಟ್ಟರೆ ಯಾವುದೂ ಅದೇ ರಾತ್ರಿ ವಾಪಸ್ ಬರುವ ದೂರವಲ್ಲ. ಕಾರ್ಯಕ್ರಮ ಮುಗಿಸಿ ನಡುರಾತ್ರಿ ಗಾಡಿ ಓಡಿಸುವುದು ಬೇಡ, ಅಲ್ಲೇ ಮಲಗಿ. ಕೋಣೆಯ ಬಾಡಿಗೆ ಸಂಭಾವನೆಯೊಳಗೆ ಸೇರಿಲ್ಲ, ಬೇರೆಯದೇ ಅಂತ ಮೊದಲೇ ಮಾತಾಡಿ. ಜುಲೈ-ಆಗಸ್ಟ್‌ನಲ್ಲಿ ಮಂಗಳೂರಿನ ಕಾರ್ಯಕ್ರಮ ಒಪ್ಪಿದರೆ ಶಿರಾಡಿ ಘಾಟಿ ಕುಸಿದು ಮುಚ್ಚಬಹುದು ಅನ್ನುವುದನ್ನು ಲೆಕ್ಕಕ್ಕೆ ಹಿಡಿದು ಒಂದು ದಿನ ಮುಂಚೆ ಹೊರಡಿ. ಕರಾವಳಿಯ ತೇವಕ್ಕೆ ಗಿಟಾರ್‌ನ ಕುತ್ತಿಗೆ ಅಲುಗುತ್ತದೆ, ಚೀಲ ಬಿಚ್ಚಿ ಅರ್ಧ ಗಂಟೆ ಬಿಟ್ಟು ಶ್ರುತಿ ಮಾಡಬೇಕು. ಹೊಸ ತಂತಿ ಹಿಂದಿನ ದಿನವೇ ಹಾಕಿ ಎಳೆದೆಳೆದು ಹದಮಾಡಿರಬೇಕು.

ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿಗೆ ತಲಾ 40 ಕಿಲೋ ಉಚಿತ. ನಾಲ್ಕು ಜನ ಮತ್ತು ಒಬ್ಬರು ದೊಡ್ಡವರ ಪಾಲು ಸೇರಿದರೆ ಗಿಟಾರ್, ಪೆಡಲ್, ಸಿಂಬಲ್ ಎಲ್ಲ ಧಾರಾಳವಾಗಿ ಹೋಗುತ್ತದೆ. ಗಿಟಾರ್‌ಗಳನ್ನು ಕೆಳಗಿನ ಬರ್ತ್ ಅಡಿ ತಳ್ಳಬೇಡಿ, ಮಧ್ಯರಾತ್ರಿ ಹತ್ತಿದವರ ಟ್ರಂಕು ಅದರ ಮೇಲೇರುತ್ತದೆ. ಒಂದು ಅಪ್ಪರ್ ಬರ್ತ್ ಗಿಟಾರ್‌ಗಳ ಜೊತೆ ಮಲಗುವವಳದು. ಬಸ್ಸಾದರೆ ಎಂಜಿನ್ ಪಕ್ಕದ ಡಿಕ್ಕಿಗೆ ಹಾಕಬೇಡಿ. ವಿಮಾನದಲ್ಲಿ ಹಾರ್ಡ್ ಕೇಸ್ ಸೇರಿ ಗಿಟಾರ್ ಒಂದೇ ಎಂಟೊಂಬತ್ತು ಕಿಲೋ ಆಗುತ್ತದೆ, ಬಟ್ಟೆ ಕಡಿಮೆ ಮಾಡಿ. ತಂತಿ ಒಂದು ಸ್ವರ ಸಡಿಲಿಸಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಆಯೋಜಕರಿಗೆ ಕಳಿಸುವ ಒಂದು ಪುಟದಲ್ಲಿ ಚಾನೆಲ್ ಪಟ್ಟಿಯ ಜೊತೆ ಈ ಸಾಲುಗಳೂ ಸ್ಪಷ್ಟವಾಗಿರಲಿ: ಒಳಗಿನಿಂದ ಚಿಲಕ ಹಾಕಬಹುದಾದ ಕೋಣೆ, ವೇದಿಕೆಗೆ ಹತ್ತಿರದ ಹೆಂಗಸರ ಶೌಚಾಲಯ, ಅದರ ಕೀಲಿ ಯಾರ ಬಳಿ ಅಂತ ಹೆಸರು ಮತ್ತು ಮೊಬೈಲ್ ನಂಬರ್. ಭಾನುವಾರದ ಫೆಸ್ಟ್‌ಗಳಲ್ಲಿ ಶೌಚಾಲಯ ಇರುವ ಬ್ಲಾಕಿಗೇ ಬೀಗ ಬಿದ್ದಿರುತ್ತದೆ. ವೇದಿಕೆ ಚೀಲದಲ್ಲಿ ಪ್ಯಾಡ್, ಒಂದು ಜೊತೆ ಕಪ್ಪು ಪ್ಯಾಂಟ್, ನೋವಿನ ಮಾತ್ರೆ ಸದಾ ಇರಲಿ. ಇದನ್ನು ಸಂಕೋಚಪಟ್ಟು ಬಾಯಿಮಾತಿಗೆ ಬಿಟ್ಟರೆ ಆ ದಿನ ಒದ್ದಾಡುವವಳು ಹದಿನೈದರ ಹುಡುಗಿ.

ಕಾಗದದ ಕೆಲಸ ಚುಟುಕಾಗಿ. ಹದಿನೆಂಟರೊಳಗಿನವರು ಮಾಡಿದ ಒಪ್ಪಂದ ಕಾನೂನಿನಲ್ಲಿ ನಿಲ್ಲುವುದಿಲ್ಲ, ಅಪ್ಪ-ಅಮ್ಮ ಅಥವಾ ಪೋಷಕರು ಸಹಿ ಹಾಕಬೇಕು. ಅರ್ಧ ಹಣ ಮುಂಗಡ. ಯಾರಾದರೂ ಹದಿನಾಲ್ಕರೊಳಗಿದ್ದರೆ ಬಾಲಕಾರ್ಮಿಕ ನಿಯಮಗಳಲ್ಲಿ ಮಕ್ಕಳ ಕಲಾವಿದರಿಗೆಂದು ಇರುವ ಷರತ್ತುಗಳು ಅನ್ವಯಿಸುತ್ತವೆ: ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ, ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ವಿಶ್ರಾಂತಿಯಿಲ್ಲದೆ ಮೂರು ಗಂಟೆಗಿಂತ ಹೆಚ್ಚಿಲ್ಲ, ಗಳಿಕೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ. ಅಪ್ರಾಪ್ತರಿಗೂ ಪ್ಯಾನ್ ಸಿಗುತ್ತದೆ. ಸ್ವಂತ ಪ್ರತಿಭೆಯಿಂದ ಗಳಿಸಿದ ಹಣ ಅಪ್ಪ-ಅಮ್ಮನ ಆದಾಯಕ್ಕೆ ಸೇರುವುದಿಲ್ಲ, ಕಂಪನಿಯವರು ಟಿಡಿಎಸ್ ಹಿಡಿದಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೆಯಬಹುದು. ಇನ್ನು ಬ್ಯಾಂಡ್‌ನ ಸೋಷಿಯಲ್ ಮೀಡಿಯಾ ಖಾತೆಗೆ ಬರುವ ಸಂದೇಶಗಳನ್ನು ಮೊದಲು ಒಬ್ಬರು ದೊಡ್ಡವರು ನೋಡಲಿ, ಹುಡುಗಿಯರ ಸ್ವಂತ ಖಾತೆಗಳನ್ನು ಅದಕ್ಕೆ ಜೋಡಿಸಬೇಡಿ. ಯಾವ ಊರಿಗೆ ಯಾವ ರೈಲಿನಲ್ಲಿ ಅನ್ನುವುದು ಹೋಗಿಬಂದ ಮೇಲೆ ಹಾಕುವ ಪೋಸ್ಟ್.

ಕೊನೆಯ ಕೆಲಸ ಎಣಿಕೆ. ಪ್ರತಿ ಚೀಲಕ್ಕೂ ದಪ್ಪ ಅಕ್ಷರದಲ್ಲಿ ಸಂಖ್ಯೆ: 1 ಮತ್ತು 2 ಗಿಟಾರ್, 3 ಬೇಸ್, 4 ಸಿಂಬಲ್, 5 ಸ್ನೇರ್, 6 ಕಿಕ್ ಪೆಡಲ್, 7 ಮತ್ತು 8 ಪೆಡಲ್‌ಬೋರ್ಡ್, 9 ಕೇಬಲ್ ಮತ್ತು ಮಲ್ಟಿಮೀಟರ್, 10 ವೇದಿಕೆ ಚೀಲ, 11 ಕಾರ್ಪೆಟ್. ಡ್ರಮ್ಮರ್‌ದು ಬಿಚ್ಚುವ ಕೆಲಸ ಜಾಸ್ತಿ, ಆದ್ದರಿಂದ ಎಣಿಸುವುದು ಗಾಯಕಿಯ ಪಾಲು, ಅವಳ ಬಳಿ ಒಯ್ಯುವ ವಾದ್ಯ ಕಡಿಮೆ. ಅಭಿಮಾನಿಗಳ ಜೊತೆ ಸೆಲ್ಫಿ ಎಣಿಕೆ ಮುಗಿದ ಮೇಲೆ. ಹನ್ನೊಂದೂ ಗಾಡಿಯೊಳಗೆ ಹೋದ ಮೇಲೆ ಒಬ್ಬಳು ಮೊಬೈಲ್ ಟಾರ್ಚ್ ಹಿಡಿದು ವೇದಿಕೆಗೆ ವಾಪಸ್ ಹೋಗಿ ಹೈ-ಹ್ಯಾಟ್ ಸ್ಟ್ಯಾಂಡ್ ನೋಡಿಬರಬೇಕು, ಕ್ಲಚ್ ಅದರ ಮೇಲೇ ಉಳಿದಿರುತ್ತದೆ. ಅದು ಚೀಲಕ್ಕೆ ಬಿದ್ದ ಮೇಲೆ ಅಪ್ಪ-ಅಮ್ಮಂದಿರ ಗ್ರೂಪ್‌ಗೆ ಒಂದು ಸಂದೇಶ: ಹನ್ನೊಂದು ಚೀಲ, ನಾಲ್ಕು ಜನ, 8.50ಕ್ಕೆ ಹೊರಟೆವು.